ಮೆಷೀನ್ ಇದೆಯಲ್ಲ, ಮತ್ತೆ ಸಿಲಿಂಡರ್ ಯಾಕೆ?

ಮೈಸೂರಿನ ಮದುವೆ ಮನೆಗಳ ಊಟದ ಪಂಕ್ತಿಯಲ್ಲೂ ಇದೇ ಪ್ರಶ್ನೆ, ಲೆಕ್ಕ ತಪಾಸಣೆಗೆ ಬಂದವರದ್ದೂ ಇದೇ: "ಲಕ್ಷಗಟ್ಟಲೆ ಕೊಟ್ಟು ಗಾಳಿ ಅಳೆಯೋ ಮೆಷೀನ್ ತಂದಿದ್ದೀರಿ, ಮತ್ತೆ ಸಿಲಿಂಡರ್‌ಗೆ ದುಡ್ಡು ಯಾಕೆ?" ಬಾಯಲ್ಲಿ ಹೇಳಿ ಸಾಕಾಗಿದೆ.

ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರಿತು, ಮೆಷೀನಿಗೆ ಗೊತ್ತಾಗುವುದು ಅಷ್ಟೇ. ಅಷ್ಟು ಹೀರಿದರೆ ಎಷ್ಟು ಅನಿಲ ಎಂದು ಅದಕ್ಕೆ ಕಲಿಸುವುದು, ಆ ಅನಿಲದ ಪ್ರಮಾಣ ಮೊದಲೇ ಗೊತ್ತಿರುವ ಗಾಳಿ ತುಂಬಿದ ಸಿಲಿಂಡರ್. ಕೋಣೆಯ ಬಿಸಿ, ನೀರಾವಿ ಬದಲಾದರೆ ಕಲಿತದ್ದು ಜಾರುತ್ತದೆ, ಮತ್ತೆ ಕಲಿಸಬೇಕು. "ಸ್ವಲ್ಪ ಹೆಚ್ಚುಕಮ್ಮಿ ಆದ್ರೇನು?" ಅನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು. ನಾವು ಅಳೆಯುವುದು ಪಿಪಿಬಿಯಲ್ಲಿ, ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ವಿಶ್ವ ಹವಾಮಾನ ಸಂಸ್ಥೆ ಈ ಅನಿಲ ಅಳೆಯುವ ಕೇಂದ್ರಗಳ ನಡುವೆ ಬಯಸುವ ಹೊಂದಾಣಿಕೆ 2 ಪಿಪಿಬಿಯೊಳಗೆ.

ಕೇಳಬೇಕಾದ ಪ್ರಶ್ನೆ ಕೇಳಿದವರು ಒಬ್ಬರೇ, ಮಂಡ್ಯದ ಹತ್ತಿರ ಆಲೆಮನೆ ನಡೆಸುವ ಹಿರಿಯರು. ಹೊಗೆಯ ಮಾದರಿ ಹಿಡಿಯಲು ಹೋಗಿದ್ದೆ. ಸಿಲಿಂಡರಿನ ಚೀಟಿ ನೋಡಿ ಕೇಳಿದರು: "ಇದ್ರಲ್ಲಿ ಇಷ್ಟೇ ಐತೆ ಅಂತ ಬರ್ದೋರು ಯಾರು ಸ್ವಾಮಿ? ಅವರ ತಕ್ಕಡಿ ನೋಡ್ದೋರು ಯಾರು?" ಕಬ್ಬು ತೂಗಿಸಿ ತೂಗಿಸಿ ಬಂದ ಅನುಮಾನ ಅದು.

ಸಂತೋಷವಾಗಿ ಪೂರ್ತಿ ಹೇಳಿದೆ. ನಮ್ಮ ಸಿಲಿಂಡರನ್ನು ಅದಕ್ಕಿಂತ ಮೇಲಿನದರ ಜೊತೆ ಹೋಲಿಸಿರುತ್ತಾರೆ, ಅದನ್ನು ಇನ್ನೂ ಮೇಲಿನದರ ಜೊತೆ. ಕೊನೆಗೆ ಅಮೆರಿಕದ ಬೌಲ್ಡರ್‌ನಲ್ಲಿರುವ, ಅಲ್ಲಿನ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾದ ಪ್ರಯೋಗಾಲಯ. ಎಲ್ಲರೂ ಹೋಲಿಸಿಕೊಳ್ಳುವ ಅಳತೆಗೋಲನ್ನು ಕಾಯುವುದು ಅದು. ಅಲ್ಲಿ ಅನಿಲವನ್ನು ತಕ್ಕಡಿಯಲ್ಲೇ ತೂಗಿ, ಶುದ್ಧ ಗಾಳಿಯಲ್ಲಿ ಹಂತಹಂತವಾಗಿ ತೆಳುಮಾಡುತ್ತಾರೆ. ಆ ತಕ್ಕಡಿಯ ತೂಕದ ಬಟ್ಟುಗಳಿಗೆ ಮೂಲ, ಜಗತ್ತು ಒಪ್ಪಿದ ಕಿಲೋಗ್ರಾಂ.

"ನಮ್ ತೂಕದ ಮೆಷೀನಿಗೆ ವರ್ಸಾ ವರ್ಸಾ ಮುದ್ರೆ ಹಾಕಿಸ್ಬೇಕು. ನಿಮ್ದಕ್ಕೆ?" ಅಂದರು.

ನಾನು ಐದು ವರ್ಷದಿಂದ ಮರುಪರೀಕ್ಷೆ ಮಾಡಿಸಿರಲಿಲ್ಲ. ಅಲ್ಯುಮಿನಿಯಂ ಸಿಲಿಂಡರಿನೊಳಗೆ ಕಾರ್ಬನ್ ಮೊನಾಕ್ಸೈಡ್ ತಾನಾಗಿಯೇ ಬೆಳೆಯುತ್ತದೆ, ಕೆಲವದರಲ್ಲಿ ವರ್ಷಕ್ಕೆ 1 ಪಿಪಿಬಿಯ ಆಸುಪಾಸು. ಕಳಿಸಿದೆ. ಚೀಟಿಗಿಂತ 5 ಪಿಪಿಬಿ ಹೆಚ್ಚಿತ್ತು. ಹಳೇ ಚೀಟಿ ನಂಬಿದ ಮೆಷೀನ್ ಹೊರಗಿನ ಗಾಳಿಯನ್ನು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಕಡಿಮೆ ತೋರಿಸಿತ್ತು. ಊರಿನ ಗಾಳಿ ಶುದ್ಧವಾಗುತ್ತಿದೆ ಅಂತ ಗೆರೆ ಎಳೆದು ಎಲ್ಲರಿಗೂ ತೋರಿಸಿದ್ದೆ. ಐದು ವರ್ಷದ ಲೆಕ್ಕವನ್ನು ಮತ್ತೆ ಮಾಡಿದೆ. ಮುಗಿದ ದಿನ ಆಲೆಮನೆಗೆ ಹೋಗಿ ಅವರಿಗೆ ಹೇಳಿ ಬಂದೆ.