ಕೆಂಪುಕಲ್ಲಿನ ಹೊಂಡದಲ್ಲಿ ಚಿಪ್ಪುಹಂದಿ

ದೀಪಾವಳಿ ಕಳೆದ ಹೊಸತರಲ್ಲಿ ಹಿರಿಯಡಕದ ಹತ್ತಿರವಿರುವ ನೆಂಟರ ಮನೆಯಿಂದ ಬೆಳಗ್ಗೆಯೇ ಫೋನ್ ಬಂತು. ಅವರ ಅಡಿಕೆ ತೋಟದ ಮೇಲ್ಗಡೆಯ ಹಾಡಿಯಲ್ಲಿ, ಹಿಂದೆಂದೋ ಕೆಂಪುಕಲ್ಲು ಕಡಿದು ಹಾಗೆಯೇ ಬಿಟ್ಟ ಹೊಂಡಕ್ಕೆ ಮೊಸಳೆ ಮರಿಯಂಥ ಏನೋ ಬಿದ್ದಿದೆ ಎಂದರು. ಉಡುಪಿಯಿಂದ ನಾನು ಹೋಗಿ ಮುಟ್ಟುವಾಗ ಹೊಂಡದ ಸುತ್ತ ಜನ ಸೇರಿತ್ತು.

ತಳದ ಮೂಲೆಯಲ್ಲಿ ಚಿಪ್ಪುಹಂದಿಯೊಂದು ಉಂಡೆ ಸುತ್ತಿಕೊಂಡು ಬಿದ್ದಿತ್ತು. ಯಂತ್ರದಿಂದ ಕೊಯ್ದ ಗೋಡೆ ನೆಟ್ಟಗೆ ನಿಂತಿದೆ. ಅದರ ಬುಡದಲ್ಲಿ ಉಗುರಿನಿಂದ ಕೆರೆದ ಗೀರುಗಳು ಸುತ್ತಲೂ ಕಾಣುತ್ತಿದ್ದವು. ರಾತ್ರಿಯಿಡೀ ಹತ್ತಲು ಹೆಣಗಿರಬೇಕು. ನಾನು ಏಣಿ ಇಳಿದು ಹತ್ತಿರ ಕುಳಿತೆ. ಚಿಪ್ಪುಗಳ ಸಂದಿನಲ್ಲಿ ಒರಟು ಕೂದಲು, ಅಂಚಿಗೆಲ್ಲ ಕೆಂಪು ಮಣ್ಣು. ಉಸಿರೆಳೆದಾಗಲೆಲ್ಲ ಬೆನ್ನಿನ ಚಿಪ್ಪುಗಳು ಕೊಂಚ ಬಿಚ್ಚಿ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಮುಖ, ಮೆತ್ತನೆಯ ಹೊಟ್ಟೆ ಎಲ್ಲವನ್ನೂ ಬಾಲದೊಳಗೆ ಅಡಗಿಸಿಟ್ಟಿತ್ತು.

ಚಿರತೆ ಬಂದರೂ ಆ ಉಂಡೆಯನ್ನು ಬಿಡಿಸುವುದು ಸುಲಭವಲ್ಲ. ಆದರೆ ಮನುಷ್ಯನ ಎದುರು ಅದೇ ರಕ್ಷಣೆ ಅದಕ್ಕೆ ಮುಳುವಾಗಿದೆ. ಓಡದ, ಕಚ್ಚದ ಪ್ರಾಣಿಯನ್ನು ಗೋಣಿಚೀಲಕ್ಕೆ ಹಾಕಿಕೊಂಡು ಹೋಗಲು ಯಾವ ಕಷ್ಟವೂ ಇಲ್ಲ. ಕಚ್ಚೋಣವೆಂದರೆ ಅದಕ್ಕೆ ಹಲ್ಲೇ ಇಲ್ಲ. ಉದ್ದನೆಯ ಅಂಟು ನಾಲಗೆಯಿಂದ ಇರುವೆ, ಒರಲೆಗಳನ್ನು ಎಳೆದು ನುಂಗುತ್ತದೆ. ಅರೆಯುವ ಕೆಲಸವೆಲ್ಲ ಜಠರದಲ್ಲಿ, ಜೊತೆಗೆ ನುಂಗಿದ ಸಣ್ಣ ಕಲ್ಲುಗಳ ನೆರವಿನಿಂದ.

ಮೇಲಿನಿಂದ ಒಬ್ಬರು, ಇದರ ಚಿಪ್ಪಿಗೆ ಲಕ್ಷಗಟ್ಟಲೆ ಬೆಲೆಯಂತೆ, ಔಷಧವಂತೆ ಎಂದರು. ನನಗೆ ಸಿಟ್ಟು ಬಂತು. ಆ ಚಿಪ್ಪು ಕೆರಾಟಿನ್, ನಮ್ಮ ಉಗುರಿನಲ್ಲಿರುವ ವಸ್ತುವೇ. ಅದನ್ನು ತೇಯ್ದು ಕುಡಿದರೆ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಈ ಪ್ರಾಣಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ, ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು ಎಂದದ್ದು ಬೇಗ ನಾಟಿತು. ಜಗತ್ತಿನ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಲು 2016ರಲ್ಲೇ ಜೋಹಾನ್ಸ್‌ಬರ್ಗ್‌ನ ವನ್ಯಜೀವಿ ವ್ಯಾಪಾರ ಒಪ್ಪಂದದ (ಸೈಟಿಸ್) ಸಮ್ಮೇಳನ ತೀರ್ಮಾನಿಸಿತು. ಆದರೂ ಕಳ್ಳಸಾಗಣೆ ನಿಂತಿಲ್ಲ. ನಮ್ಮ ಭಾರತೀಯ ಚಿಪ್ಪುಹಂದಿ ಅಳಿವಿನಂಚಿನ ಪಟ್ಟಿಯಲ್ಲಿದೆ. ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮರಿ ಹಾಕುವ ಜೀವಿ ಇಷ್ಟು ಹೊಡೆತವನ್ನು ತಾಳಿಕೊಳ್ಳುವುದಾದರೂ ಹೇಗೆ?

ಅರಣ್ಯ ಇಲಾಖೆಯ ಸಿಬ್ಬಂದಿ ಬಂದವರೇ ಮೊದಲು ಜನರನ್ನು ದೂರ ಸರಿಸಿದರು. ಉಂಡೆಯನ್ನು ಬಿಡಿಸುವ ಗೋಜಿಗೆ ಹೋಗದೆ, ಗೋಣಿಯಲ್ಲಿ ಹಾಗೆಯೇ ಎತ್ತಿ ಮರದ ಪೆಟ್ಟಿಗೆಯಲ್ಲಿಟ್ಟರು. ಮರಿಗಳು ತಾಯಿಯ ಬಾಲದ ಬುಡಕ್ಕೆ ಅಂಟಿಕೊಂಡು ತಿರುಗುವುದರಿಂದ, ಬಿದ್ದಾಗ ಕಳಚಿಕೊಂಡಿರಬಹುದೆಂದು ಹೊಂಡದ ಸೊಪ್ಪುಸದೆಯನ್ನೆಲ್ಲ ಕೈಯಿಂದ ಸರಿಸಿ ನೋಡಿದರು. ಮರಿ ಇರಲಿಲ್ಲ.

ಮೃಗಾಲಯಕ್ಕೆ ಕೊಡಬಹುದಲ್ಲ ಎಂದು ಕೆಲವರು ಕೇಳಿದರು. ಕೂಡಿಹಾಕಿ ಸಾಕುವುದು ಬಹಳ ಕಷ್ಟದ ಪ್ರಾಣಿ ಇದು. ಆಹಾರ ಒಗ್ಗದೆಯೇ ಸೊರಗುತ್ತದೆ. ಒಡಿಶಾದ ನಂದನಕಾನನದಲ್ಲಿ ಇವುಗಳ ಸಂತಾನವೃದ್ಧಿಗೆಂದೇ ಪ್ರತ್ಯೇಕ ಕೇಂದ್ರವನ್ನು ಕಟ್ಟಬೇಕಾಯಿತು. ಗಾಯವಿಲ್ಲದ, ತನ್ನ ಬಿಲವನ್ನು ತಾನೇ ಬಲ್ಲ ಪ್ರಾಣಿಗೆ ಅದೇ ಹಾಡಿಯೇ ಸರಿ ಎಂದು ಸಿಬ್ಬಂದಿ ನಿರ್ಧರಿಸಿದಾಗ ನನಗೆ ನಿಜಕ್ಕೂ ನೆಮ್ಮದಿಯಾಯಿತು. ಕತ್ತಲಾದ ಮೇಲೆ ಪೆಟ್ಟಿಗೆಯ ಬಾಗಿಲು ತೆರೆದರು. ತುಸು ಹೊತ್ತು ಅಲುಗಲಿಲ್ಲ. ಆಮೇಲೆ ಚೂಪು ಮೂತಿ ಹೊರಬಂತು, ಗಾಳಿ ಮೂಸಿತು, ಮುಂಗಾಲಿನ ಉಗುರುಗಳನ್ನು ಒಳಕ್ಕೆ ಮಡಚಿಕೊಂಡು ತೂಗಾಡುತ್ತ ಪೊದೆಯೊಳಗೆ ನಡೆಯಿತು.

ನಮ್ಮ ಕಡೆ ಹುತ್ತವನ್ನು ನಾಗನ ನೆಲೆಯೆಂದು ಯಾರೂ ಕೆಡವುವುದಿಲ್ಲ. ನಾಗಬನದ ಸುತ್ತ ಮರ ಕಡಿಯುವುದಿಲ್ಲ. ಚಿಪ್ಪುಹಂದಿಗೆ ಅನ್ನವೂ ಆಸರೆಯೂ ಉಳಿದಿರುವುದಕ್ಕೆ ಆ ಭಯಭಕ್ತಿಯೂ ಒಂದು ಕಾರಣವೆಂದು ನಾನು ನಂಬುತ್ತೇನೆ. ತೋಟದ ಒರಲೆಗೆ ವಿಷ ಸುರಿಯುವವರು ರಾತ್ರಿಯಲ್ಲಿ ಪುಕ್ಕಟೆ ದುಡಿಯುವ ಈ ಜೀವಿಯನ್ನು ನೆನೆದರೆ ಒಳ್ಳೆಯದಿತ್ತು.

ನೆಂಟರು ಆ ವಾರವೇ ಜೆಸಿಬಿ ಕರೆಸಿ ಹೊಂಡದ ಒಂದು ಬದಿಯನ್ನು ಇಳಿಜಾರು ಮಾಡಿಸಿದರು. ಪಕ್ಕದ ಜಾಗದಲ್ಲಿ ಅಂಥದ್ದೇ ಇನ್ನೊಂದು ಹೊಂಡವಿದೆ. ಅದರ ಯಜಮಾನರ ಬಳಿ ಹೋಗಿ ಮಾತಾಡಿದ್ದೇವೆ, ಒಪ್ಪಿದ್ದಾರೆ. ಮಳೆ ಹಿಡಿಯುವ ಮೊದಲು ಆ ಕೆಲಸವೂ ಆಗಬೇಕು.