ಯಾರೂ ಹತ್ತದ, ಯಾರೂ ಇಳಿಯದ ರೈಲು

ಮುಂಬಯಿಯ ಪ್ಲಾಟ್‌ಫಾರಮ್ಮಿನಲ್ಲಿ ಚಹಾ ಮಾರುತ್ತಿದ್ದವನಿಗೆ ನಮ್ಮದು ಯಾವ ಗಾಡಿ ಎಂಬುದು ಕೊನೆಗೂ ತಿಳಿಯಲಿಲ್ಲ. ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಕಪ್ ಹೋಗಬಹುದು ಎಂದು ಲೆಕ್ಕ ಹಾಕಲು ಅವನು ಬೋಗಿಯ ಪಕ್ಕದಲ್ಲಿ ಫಲಕ ಹುಡುಕಿದ. ಊರುಗಳ ಹೆಸರಿರಬೇಕಾದ ಜಾಗದಲ್ಲಿ ಬಟ್ಟೆಯ ಬ್ಯಾನರು ಕಟ್ಟಿತ್ತು. ಎಲ್ಲಿಗೆ ಹೋಗುವ ಗಾಡಿ ಎಂದು ನನ್ನನ್ನೇ ಕೇಳಿದ. ಮುಂಬಯಿಗೆ ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಕೆಟಲ್ ಎತ್ತಿಕೊಂಡು ಮುಂದೆ ಹೋದ. ಆದರೆ ನಾನು ಹೇಳಿದ್ದು ನಿಜವೇ ಆಗಿತ್ತು. ಮುಂಬಯಿಯಿಂದ ಹೊರಟು, ದಕ್ಷಿಣಕ್ಕಿಳಿದು, ಪೂರ್ವ ಕರಾವಳಿಯುದ್ದಕ್ಕೂ ಮೇಲೇರಿ, ಬಿಹಾರ, ಉತ್ತರ ಪ್ರದೇಶ, ದಿಲ್ಲಿ, ರಾಜಸ್ಥಾನ, ಗುಜರಾತುಗಳನ್ನು ಸುತ್ತಿ, 15 ದಿನಗಳಲ್ಲಿ ಸುಮಾರು 8000 ಕಿಲೋಮೀಟರ್ ಕ್ರಮಿಸಿ ಹೊರಟಲ್ಲಿಗೇ ಮರಳುವ ಗಾಡಿ ಅದು.

ಜಾಗೃತಿ ಯಾತ್ರೆ ಎಂಬ ಹೆಸರಿನ ಈ ಪಯಣಕ್ಕೆ ಇಡೀ ರೈಲನ್ನೇ ಕಾದಿರಿಸುತ್ತಾರೆ. 1997ರಲ್ಲಿ ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ‘ಆಜಾದ್ ಭಾರತ್ ರೈಲ್ ಯಾತ್ರಾ’ ಎಂಬ ಗಾಡಿ ಹೀಗೆಯೇ ಯುವಜನರನ್ನು ಹೊತ್ತು ದೇಶ ಸುತ್ತಿತ್ತು. ಅದರ ಹಿಂದಿದ್ದ ಶಶಾಂಕ್ ಮಣಿ ಅವರು 2008ರಿಂದ ಅದನ್ನು ಪ್ರತಿವರ್ಷದ ಯಾತ್ರೆಯಾಗಿ ಮಾಡಿದರು; 2024ರಲ್ಲಿ ಅವರು ಉತ್ತರ ಪ್ರದೇಶದ ದೇವರಿಯಾ ಕ್ಷೇತ್ರದಿಂದ ಲೋಕಸಭೆಗೂ ಆಯ್ಕೆಯಾದರು. ಉದ್ಯೋಗ ಹುಡುಕುವವರಾಗುವ ಬದಲು ಉದ್ಯೋಗ ಕೊಡುವವರಾಗಿ ಎಂಬುದು ಯಾತ್ರೆಯ ಆಶಯ. ಇಪ್ಪತ್ತರ ಹರೆಯದ ಸುಮಾರು ಐನೂರು ಮಂದಿಯನ್ನು ಅರ್ಜಿಗಳಿಂದ ಆರಿಸಿ, ಆರೇಳು ಜನರ ಗುಂಪುಗಳಾಗಿ ವಿಂಗಡಿಸಿ, ಆಯ್ದ ಊರುಗಳಲ್ಲಿ ಇಳಿಸಿ, ಅಲ್ಲಿ ಏನನ್ನಾದರೂ ಕಟ್ಟಿ ನಿಲ್ಲಿಸಿದವರ ಮುಂದೆ ಕೂರಿಸುತ್ತಾರೆ. ಕೆಲವು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ, ನವಲಗುಂದದ ಕಡೆ ಸಣ್ಣದೊಂದು ಬೇಳೆ ಮಿಲ್ಲು ಹಾಕುವ ಕನಸಿನಲ್ಲಿದ್ದ ನಾನು ಆ ಐನೂರರಲ್ಲಿ ಒಬ್ಬನಾಗಿದ್ದೆ.

ಇಡೀ ಗಾಡಿಯನ್ನು ಬಾಡಿಗೆಗೆ ಪಡೆಯುವುದು ದೊಡ್ಡ ಕುಳಗಳಿಗಷ್ಟೇ ಸಾಧ್ಯವೆಂದು ನಾನು ತಿಳಿದಿದ್ದೆ. ಹಾಗೇನೂ ಇಲ್ಲ. ರೈಲ್ವೆಯವರ ಭಾಷೆಯಲ್ಲಿ ಇದಕ್ಕೆ ‘ಫುಲ್ ಟ್ಯಾರಿಫ್ ರೇಟ್’, ಎಂದರೆ ಎಫ್.ಟಿ.ಆರ್. ಎನ್ನುತ್ತಾರೆ. ಮದುವೆಯ ದಿಬ್ಬಣಕ್ಕೆ ಒಂದು ಬೋಗಿಯನ್ನೂ ಪಡೆಯಬಹುದು, ಸಮಾವೇಶಕ್ಕೆ ಇಡೀ ಗಾಡಿಯನ್ನೂ ಪಡೆಯಬಹುದು. ಪ್ರಯಾಣಕ್ಕೆ ಕನಿಷ್ಠ 30 ದಿನ, ಗರಿಷ್ಠ 6 ತಿಂಗಳು ಮೊದಲು ಕೇಳಬೇಕು. ಬೋಗಿಯೊಂದಕ್ಕೆ 50,000 ರೂಪಾಯಿಯಂತೆ ಠೇವಣಿ ಇಡಬೇಕು. ಇಡೀ ಗಾಡಿಗೆ ಕನಿಷ್ಠ 18 ಬೋಗಿಗಳೆಂದು ಹಿಡಿದು 9 ಲಕ್ಷ ರೂಪಾಯಿ ಮೊದಲೇ ಕಟ್ಟಬೇಕು. ಟಿಕೆಟ್ಟಿನ ಲೆಕ್ಕ ಅದರ ಮೇಲಿನದು. ಗಾಡಿ ನಿಂತಷ್ಟು ಹೊತ್ತಿಗೂ, ಖಾಲಿ ಬೋಗಿಗಳನ್ನು ಎಳೆದೊಯ್ಯುವುದಕ್ಕೂ ಬೇರೆ ಬೇರೆ ದರಗಳಿವೆ. ಇತ್ತೀಚೆಗೆ ಭಾರತ್ ಗೌರವ್ ಯೋಜನೆಯಡಿ ರಾಜ್ಯ ಸರ್ಕಾರಗಳೂ ಇಡೀ ಗಾಡಿಗಳನ್ನು ಪಡೆಯುತ್ತಿವೆ. ನಮ್ಮ ಮುಜರಾಯಿ ಇಲಾಖೆಯ ಕಾಶಿ ದರ್ಶನದ ಗಾಡಿ 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಹೊರಟದ್ದು ಹಾಗೆ. ನಮ್ಮ ಓಣಿಯ ಅಜ್ಜಿಯೊಬ್ಬರು ಅದರಲ್ಲಿ ಹೋಗಿ ಬಂದ ಮೇಲೆ, ರೈಲಿನಲ್ಲಿ ಪರಕೀಯರು ಒಬ್ಬರೂ ಇರಲಿಲ್ಲ ಎಂದು ಸಂತೋಷದಿಂದ ಹೇಳಿದ್ದರು. ನನಗೆ ವಿಚಿತ್ರವೆನಿಸಿದ್ದೂ ಅದೇ ಸಂಗತಿ, ಆದರೆ ನನ್ನ ಮಟ್ಟಿಗೆ ಅದು ಅಷ್ಟು ಸರಳ ಸಂತೋಷವಾಗಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಧಾರವಾಡದಲ್ಲಿ. ಮೀರಜ್, ಬೆಳಗಾವಿ ದಾಟಿ, ಲೋಂಡಾದ ಕಾಡು ಮುಗಿಸಿ, ಅಳ್ನಾವರ ಬಿಟ್ಟ ಮೇಲೆ ನಾನು ಬಾಗಿಲಲ್ಲಿ ಬಂದು ನಿಂತೆ. ಹುಟ್ಟಿದಾಗಿನಿಂದ ನೋಡಿದ ಸ್ಟೇಷನ್ನು. ಅಲ್ಲಿ ನಿಲ್ಲದೆ ಹೋಗುವ ಗಾಡಿಯಲ್ಲಿ ನಾನೆಂದೂ ಕೂತಿರಲಿಲ್ಲ. ನಮ್ಮ ಗಾಡಿಗೆ ಹುಬ್ಬಳ್ಳಿಯಲ್ಲಿ ಮಾತ್ರ ನಿಲುಗಡೆ ಎಂದು ಮನೆಗೆ ಫೋನಿನಲ್ಲಿ ಹೇಳಿದ್ದೆನೆಂದೇ ನನ್ನ ನೆನಪು. ಗಾಡಿ ವೇಗ ತಗ್ಗಿಸಿ ಪ್ಲಾಟ್‌ಫಾರಮ್ಮಿನ ಪಕ್ಕದಲ್ಲಿ ಸಾಗುವಾಗ, ಬಿಳಿ ಧೋತರ ಉಟ್ಟು, ಎರಡು ಕೈಯಲ್ಲಿ ಬುತ್ತಿಗಂಟು ಹಿಡಿದು, ಬೋಗಿಗಳ ಬಾಗಿಲುಗಳನ್ನು ಒಂದೊಂದಾಗಿ ನೋಡುತ್ತ ಅಪ್ಪ ನಿಂತಿದ್ದರು. ನಾನು ಕೂಗಿದೆ. ಅವರು ಗಂಟನ್ನು ಎದೆಯ ಮಟ್ಟಕ್ಕೆ ಎತ್ತಿ ತೋರಿಸಿ ನಾಲ್ಕು ಹೆಜ್ಜೆ ಓಡಿ ನಿಂತರು. ಗಾಡಿ ಮುಂದಕ್ಕೆ ಹೋಯಿತು.

ಒಂದೂವರೆ ಗಂಟೆಯ ನಂತರ ಅವರು ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣಕ್ಕೆ ಬಂದು ನನ್ನನ್ನು ಹುಡುಕಿ ಹಿಡಿದರು. ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರಮ್ಮು ಎಂದು 2023ರಲ್ಲಿ ಉದ್ಘಾಟನೆಗೊಂಡ 1507 ಮೀಟರಿನದು ಆಗ ಬಳಕೆಗೆ ಬಂದಿರಲಿಲ್ಲವಾದ್ದರಿಂದ ಹುಡುಕಾಟ ಬೇಗ ಮುಗಿಯಿತು.

“ನಿಂದ್ರಂಗಿಲ್ಲಂದ್ರ ಮೊದಲ ಹೇಳಬಾರದೇನೋ ತಮ್ಮಾ? ಸ್ಟೇಷನ್ ಮಾಸ್ತರಗ ಕೇಳಿದ್ರ, ಈ ಗಾಡಿ ಟೈಮ್ ಟೇಬಲ್‌ನಾಗs ಇಲ್ಲ ಅಂತಾನ” ಎಂದರು.

“ಹೇಳಿದ್ನಲ್ಲ ಅಪ್ಪಾ.”

“ನಿಮ್ಮ ಅವ್ವಗ ಹೇಳಿರಬೇಕು” ಎಂದು ಅವರು ಆ ವಿಷಯವನ್ನು ಅಲ್ಲಿಗೇ ಮುಗಿಸಿ, ಬೆಳಗಿನಿಂದ ಏನು ತಿಂದೆ ಎಂದು ವಿಚಾರಿಸಿದರು.

ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಪೇಡೆ ಇದ್ದವು. ಪೇಡೆ ನಮ್ಮ ಬೋಗಿಯಲ್ಲಿ ಹತ್ತು ನಿಮಿಷ ಬಾಳಿತು. ಕಟಕ ರೊಟ್ಟಿಯನ್ನು ಮಾತ್ರ ಹೇಗೆ ತಿನ್ನಬೇಕೆಂದು ತಿಳಿಯದೆ, ನನ್ನ ಗುಂಪಿನ ಮಣಿಪುರದ ಹುಡುಗ ಹಪ್ಪಳದಂತೆ ಮುರಿದು ಚಹಾದಲ್ಲಿ ಅದ್ದಿಕೊಂಡ. ರುಚಿಯಾಗಿದೆ ಎಂದ ಮೇಲೆ ತಿದ್ದುವ ಗೋಜಿಗೆ ನಾನೂ ಹೋಗಲಿಲ್ಲ.

ಹುಬ್ಬಳ್ಳಿಯಲ್ಲಿ ನಾವು ದೇಶಪಾಂಡೆ ಫೌಂಡೇಶನ್ ಎಂಬ ಸೇವಾ ಸಂಸ್ಥೆಯ ಕೆಲಸ ನೋಡಿದೆವು, ಕಲ್ಕೇರಿ ಸಂಗೀತ ವಿದ್ಯಾಲಯದ ಮಕ್ಕಳು ಹಾಡಿದ್ದನ್ನು ಕೇಳಿದೆವು. ಬಡ ಮನೆಗಳ ಮಕ್ಕಳಿಗೆ ಹಿಂದೂಸ್ತಾನಿ ಸಂಗೀತವನ್ನು ಉಚಿತವಾಗಿ ಕಲಿಸುವ ಆ ಶಾಲೆ ನಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲ. ಕೆನಡಾದಿಂದ ಬಂದವರು 2002ರಲ್ಲಿ ಅದನ್ನು ಆರಂಭಿಸಿದರೆಂಬುದನ್ನು ನಾನು ತಿಳಿದುಕೊಂಡದ್ದು ಮುಂಬಯಿಯಿಂದ ರೈಲು ಹತ್ತಿ ಬಂದ ಮೇಲೆ. ಬೆಂಗಳೂರನ್ನು ಬೇಗ ದಾಟುತ್ತೇನೆ. ಓದುವವರಿಗೆ ಅದು ಗೊತ್ತಿರುವ ಊರು.

ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಮಾತ್ರ ಹಾಗೆ ದಾಟಲಾರೆ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾದರೂ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತ ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, 1976ರಲ್ಲಿ, 11 ಹಾಸಿಗೆಗಳೊಂದಿಗೆ ಅದನ್ನು ತೆರೆದರು. ಕೊಡಬಲ್ಲವರು ಹಣ ಕೊಡುತ್ತಾರೆ. ಆ ಹಣದಲ್ಲಿ, ಕೊಡಲಾರದ ಇನ್ನೂ ಹೆಚ್ಚಿನವರಿಗೆ ಚಿಕಿತ್ಸೆ ನಡೆಯುತ್ತದೆ. ಒಬ್ಬ ವೈದ್ಯರ ಪಕ್ಕದಲ್ಲಿ ಎರಡು ಮೇಜುಗಳಿರುತ್ತವೆ. ಒಂದರ ಮೇಲೆ ಮೋತಿಬಿಂದುವಿನ ಶಸ್ತ್ರಚಿಕಿತ್ಸೆ ಮುಗಿಯುವ ಹೊತ್ತಿಗೆ ಇನ್ನೊಂದರ ಮೇಲೆ ಮುಂದಿನ ರೋಗಿ ಸಿದ್ಧವಾಗಿರುತ್ತಾರೆ, ವೈದ್ಯರು ಸೂಕ್ಷ್ಮದರ್ಶಕವನ್ನು ಆ ಕಡೆ ತಿರುಗಿಸಿಕೊಂಡರಾಯಿತು. ಕಣ್ಣೊಳಗೆ ಕೂರಿಸುವ ಮಸೂರವನ್ನು ವಿದೇಶದಿಂದ ತರಿಸುವುದು ದುಬಾರಿಯೆಂದು 1992ರಲ್ಲಿ ಆರೋಲ್ಯಾಬ್ ಎಂಬ ಘಟಕ ಸ್ಥಾಪಿಸಿ ತಾವೇ ತಯಾರಿಸತೊಡಗಿದರು. ಸೇವೆ, ತ್ಯಾಗ ಎಂಬ ಮಾತುಗಳನ್ನು ದಾರಿಯುದ್ದಕ್ಕೂ ಸಾಕಷ್ಟು ಕೇಳಿದ್ದ ನನಗೆ, ಗಡಿಯಾರ ನೋಡಿ ಸಿಗ್ನಲ್ ಕೊಡುವವರ ಶಿಸ್ತಿನಿಂದ ನಡೆಯುವ ಈ ಸೇವೆಯ ಮೇಲೆಯೇ ಹೆಚ್ಚು ನಂಬಿಕೆ ಬಂತು. ನನ್ನ ಬೇಳೆ ಮಿಲ್ಲಿನ ನಕ್ಷೆಯಲ್ಲಿ ಕಾಳು ಒಣಗಿಸುವ ಕಟ್ಟೆ ಒಂದಿದ್ದದ್ದು ಅವತ್ತು ರಾತ್ರಿ ಎರಡಾಯಿತು.

ಸಿಗ್ನಲ್ ಎಂದೆನಲ್ಲ, ನಮ್ಮಂಥ ಗಾಡಿಗೆ ಸುಲಭವಾಗಿ ಸಿಗದಿದ್ದದ್ದು ಅದೇ. ಪ್ರಕಟಿತ ವೇಳಾಪಟ್ಟಿಯಲ್ಲಿ ಇಲ್ಲದ ಗಾಡಿಯನ್ನು ಕಂಟ್ರೋಲಿನವರು ಉಳಿದ ಗಾಡಿಗಳ ಸಂದಿಯಲ್ಲಿ ತೂರಿಸಬೇಕಾಗುತ್ತದೆ. ಹಿಂದಿನಿಂದ ಮೇಲ್ ಬಂತು, ಸೂಪರ್‌ಫಾಸ್ಟ್ ಬಂತು ಎಂದರೆ ನಮ್ಮನ್ನು ಲೂಪ್ ಲೈನಿಗೆ, ಎಂದರೆ ಮುಖ್ಯ ಹಳಿಯ ಪಕ್ಕದ ಹಳಿಗೆ, ಹಾಕುತ್ತಾರೆ. ಹೀಗೆ ಹೆಸರು ಕೇಳದ ಎಷ್ಟೋ ಸ್ಟೇಷನ್ನುಗಳಲ್ಲಿ ಗಂಟೆಗಟ್ಟಲೆ ನಿಂತೆವು. ಸಾಮಾನ್ಯ ಗಾಡಿಯಾಗಿದ್ದರೆ ಜನ ಬೈಯುತ್ತಿದ್ದರು. ಇಲ್ಲಿ ಯಾರಿಗೂ ಎಲ್ಲಿಯೂ ಇಳಿಯಬೇಕಾಗಿರಲಿಲ್ಲ, ಆದ್ದರಿಂದ ಅಂತ್ಯಾಕ್ಷರಿ ಮುಂದುವರಿಯುತ್ತಿತ್ತು.

ಪೂರ್ವ ಕರಾವಳಿಯ ಅಂಥದೊಂದು ನಿಲುಗಡೆಯಲ್ಲಿ, ಹೊಸ ವರ್ಷಕ್ಕೆ ಇನ್ನೂ ಒಂದೆರಡು ಗಂಟೆ ಇರುವಾಗ, ನಮ್ಮ ಬಾಗಿಲನ್ನು ಹೊರಗಿನಿಂದ ಯಾರೋ ಬಡಿದರು. ತೆರೆದರೆ ಸೊಂಟದಲ್ಲಿ ಮಗು, ತಲೆಯ ಮೇಲೆ ಮೂಟೆ ಹೊತ್ತ ಹೆಂಗಸು. ಇದು ಸ್ಪೆಷಲ್ ಗಾಡಿ, ಹತ್ತುವಂತಿಲ್ಲ ಎಂದು ನಾವು ಮೂರು ಭಾಷೆಗಳಲ್ಲಿ ಹೇಳಿದೆವು. ಆಕೆ ಜಗಳವಾಡಲಿಲ್ಲ. ಕತ್ತು ಚಾಚಿ, ಪಕ್ಕದಲ್ಲಿದ್ದ ಕುರ್ಚಿಗಳ ಬೋಗಿಯ ಕಿಟಕಿಯತ್ತ ಕೈ ತೋರಿಸಿದಳು. ಹಗಲು ಹೊತ್ತು ಗ್ರಾಮೀಣ ಭಾರತದ ಬಗ್ಗೆ ಚರ್ಚೆಗಳು ನಡೆಯುತ್ತಿದ್ದ ಆ ಬೋಗಿಯಲ್ಲಿ ದೀಪಗಳು ಉರಿಯುತ್ತಿದ್ದವು, ಕುರ್ಚಿಗಳೆಲ್ಲ ಖಾಲಿಯಿದ್ದವು. ನಿಯಮ ನಮ್ಮ ಪರವಾಗಿತ್ತು, ಗಾಡಿಯ ಬಾಡಿಗೆಯೂ ಸಂದಾಯವಾಗಿತ್ತು. ಬಾಗಿಲು ಹಾಕಿದ್ದು ನಾನೇ. ಆಮೇಲೆ ಹನ್ನೆರಡು ಗಂಟೆಗೆ ಬೋಗಿಯಿಂದ ಬೋಗಿಗೆ ಕೂಗುತ್ತ ಹೊಸ ವರ್ಷ ಬಂತು. ಅದರಲ್ಲಿ ನಾನೂ ಕೂಗಿದೆ.

ಮರುದಿನ ಒಡಿಶಾದ ಬ್ರಹ್ಮಪುರದ ಬಳಿ ಗ್ರಾಮ ವಿಕಾಸ ಸಂಸ್ಥೆಯವರಲ್ಲಿಗೆ ಹೋದಾಗ, ಆ ಬಾಗಿಲು ಮತ್ತೆ ನೆನಪಾಯಿತು. 1979ರಲ್ಲಿ ಜೋ ಮಡಿಯತ್ ಅವರು ಸ್ಥಾಪಿಸಿದ ಈ ಸಂಸ್ಥೆಗೆ ಒಂದು ಹಟವಿದೆ. ಶೌಚಾಲಯ, ಬಚ್ಚಲುಮನೆ, ನಲ್ಲಿ ನೀರು ಬೇಕೆಂದರೆ ಊರಿನ ಪ್ರತಿಯೊಂದು ಮನೆಯವರೂ ಒಪ್ಪಿ ಪಾಲುಗೊಳ್ಳಬೇಕು. ಒಂದೇ ಮನೆ ಹೊರಗುಳಿದರೂ ಕೆಲಸ ಶುರುವಾಗುವುದಿಲ್ಲ. ಜಾತಿಯ ಲೆಕ್ಕದಲ್ಲಿ ಯಾರನ್ನು ಬಿಟ್ಟು ಕಟ್ಟಬಹುದಿತ್ತೋ ಅವರ ಮನೆಗೂ ಅದೇ ನಲ್ಲಿ ಹೋಗಬೇಕಾಗುತ್ತದೆ.

ಹದಿನೈದು ದಿನ ನಮ್ಮೊಂದಿಗೇ ಅಷ್ಟೂ ದೂರ ಬಂದು, ಯಾವ ಊರಿನಲ್ಲಿಯೂ ಏನನ್ನೂ ನೋಡದವರೆಂದರೆ ಅಡುಗೆಯವರು. ಐನೂರು ಜನಕ್ಕೆ ಮೂರು ಹೊತ್ತಿನ ಊಟವೆಂದರೆ ದಿನಕ್ಕೆ ಸಾವಿರದ ಐನೂರು ತಟ್ಟೆಗಳು. ನಿದ್ದೆ ಬಾರದ ಬೆಳಗಿನ ಜಾವಗಳಲ್ಲಿ ನಾನು ಪ್ಯಾಂಟ್ರಿ ಕಾರಿನ ಕಡೆಗೆ ಹೋಗುತ್ತಿದ್ದೆ. ನಾಲ್ಕು ಗಂಟೆಗೆಲ್ಲ ಪೂರಿಯ ಹಿಟ್ಟು ಕಲಸಿಟ್ಟಿರುತ್ತಿದ್ದರು. ಗಾಡಿ ತಿರುವಿನಲ್ಲಿ ವಾಲಿದಾಗ ಬಾಣಲೆಯ ಎಣ್ಣೆ ಒಂದು ಬದಿಗೆ ಏರುತ್ತಿತ್ತು. ಅದು ಏರುವ ಕ್ಷಣಕ್ಕೆ ಮೊದಲೇ ಜಾಲರಿ ಸೌಟನ್ನು ಹಿಂದಕ್ಕೆಳೆದು, ಸಮವಾದ ಮೇಲೆ ಮತ್ತೆ ಇಳಿಸುವುದನ್ನು ಒಬ್ಬ ಅಡುಗೆಯವನು ಬಾಣಲೆಯನ್ನು ನೋಡದೆಯೇ ಮಾಡುತ್ತಿದ್ದ. ತಿರುವು ಬರುವುದು ಅವನಿಗೆ ಕಾಲಿನಲ್ಲಿ ಗೊತ್ತಾಗುತ್ತಿತ್ತು. ಅವನು ಬಿಹಾರದ ಸಿವಾನ್ ಜಿಲ್ಲೆಯವನು.

ರಾಜಗೀರ್, ನಾಲಂದಾ ಮುಗಿಸಿ ದೇವರಿಯಾದ ಕಡೆ ಹೊರಟ ರಾತ್ರಿ ಮಂಜು ಕವಿಯಿತು. ಗಂಗೆಯ ಬಯಲಿನ ಜನವರಿಯ ಮಂಜನ್ನು ನಮ್ಮ ಮಲೆನಾಡಿನ ಮಂಜಿಗೆ ಹೋಲಿಸುವಂತಿಲ್ಲ. ಅದು ಕಿಟಕಿಗೆ ಸುಣ್ಣ ಬಳಿದಂತೆ ನಿಲ್ಲುತ್ತದೆ. ಆಗಾಗ ಗಾಲಿಯ ಕೆಳಗೆ ಢಮ್ಮೆಂದು ಸದ್ದಾಗುತ್ತಿತ್ತು. ಸಿಗ್ನಲ್ ಕಾಣದ ಮಂಜಿನಲ್ಲಿ, ಮುಂದೆ ಸಿಗ್ನಲ್ ಇದೆ ಎಂದು ಚಾಲಕನಿಗೆ ತಿಳಿಸಲು ಹಳಿಯ ಮೇಲೆ ಪಟಾಕಿ ಕಟ್ಟಿರುತ್ತಾರೆ, ಎಂಜಿನ್ ಹಾಯ್ದಾಗ ಅದು ಸಿಡಿಯುತ್ತದೆ. ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ನಿಂತು ಅದನ್ನು ಕಟ್ಟುವ ಜನರಿದ್ದಾರೆ. ಸಿವಾನ್ ಹತ್ತಿರವಾದಾಗ ಆ ಅಡುಗೆಯವನು ಕೈಯೊರೆಸಿಕೊಂಡು ಬಾಗಿಲಿಗೆ ಬಂದ. ಬೆಳ್ಳಗಿನ ಗೋಡೆಯಂಥ ಮಂಜಿನತ್ತ ಬೆರಳು ತೋರಿಸಿ, ಸ್ಟೇಷನ್ನಿನಿಂದ ಆ ಕಡೆಗೆ ಹದಿನೆಂಟು ಕಿಲೋಮೀಟರಿಗೆ ನಮ್ಮ ಮನೆ ಎಂದ. ಮನೆಯವರಿಗೆ ತಿಳಿಸಿದ್ದೀರಾ ಎಂದು ಕೇಳಿದೆ. ನಿಲ್ಲದ ಗಾಡಿಯ ವಿಷಯ ತಿಳಿಸಿ ಪ್ರಯೋಜನವೇನು, ಸುಮ್ಮನೆ ಚಳಿಯಲ್ಲಿ ಬಂದು ನಿಲ್ಲುತ್ತಾರೆ ಎಂದ. ನನ್ನ ಅಪ್ಪನ ಕಥೆಯನ್ನು ಅವನಿಗೆ ಹೇಳಬೇಕೆಂದುಕೊಂಡವನು ಬಾಯಿ ಬಿಡಲಿಲ್ಲ.

ದೇವರಿಯಾದಲ್ಲಿ ನಾವು ಗುಂಪುಗುಂಪಾಗಿ ಹಳ್ಳಿಗಳನ್ನು ಸುತ್ತಿ, ಅಲ್ಲಿಗೆ ಒಪ್ಪುವ ಉದ್ಯಮಗಳ ಯೋಜನೆ ಬರೆಯುವ ಸ್ಪರ್ಧೆಯಲ್ಲಿ ತೊಡಗಿದೆವು. ನಮ್ಮ ಗುಂಪಿಗೆ ಬಹುಮಾನ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಒಂದು ದಿನದಲ್ಲಿ ಬರೆದ ಯೋಜನೆಯನ್ನು ಕೇಳಿಸಿಕೊಂಡ ಹಳ್ಳಿಯ ಹಿರಿಯರೊಬ್ಬರು, ಇಲ್ಲಿ ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾರಾದರೂ ಕೇಳಿದಿರಾ ಎಂದಷ್ಟೇ ವಿಚಾರಿಸಿದ್ದರು. ಅದಕ್ಕೆ ಹೋಲಿಸಿದರೆ ರಾಜಸ್ಥಾನದ ತಿಲೋನಿಯಾದಲ್ಲಿ ಮಾತಿಗಿಂತ ಕೈಗಳೇ ಹೆಚ್ಚು ಕೆಲಸ ಮಾಡುತ್ತಿದ್ದವು. ಬಂಕರ್ ರಾಯ್ ಅವರು 1972ರಲ್ಲಿ ಆರಂಭಿಸಿದ ಬೇರ್‌ಫುಟ್ ಕಾಲೇಜಿನಲ್ಲಿ ಓದು ಬರಹ ಬಾರದ ಹೆಂಗಸರು ಬಣ್ಣಗಳ ಗುರುತಿನಿಂದ ಬಿಡಿಭಾಗಗಳನ್ನು ನೆನಪಿಟ್ಟುಕೊಂಡು ಸೌರದೀಪಗಳನ್ನು ಜೋಡಿಸುವುದನ್ನು ನೋಡಿದೆ.

ಅಹಮದಾಬಾದಿನ ಸಾಬರಮತಿ ಆಶ್ರಮ ಕೊನೆಯ ನಿಲುಗಡೆ. ಮರುದಿನ ಮುಂಬಯಿಯಲ್ಲಿ ಇಳಿದಾಗ ಅಪ್ಪುಗೆ, ಅಳು, ವಿಳಾಸ ಬರೆದುಕೊಳ್ಳುವುದು ಎಲ್ಲ ನಡೆಯಿತು. ಬ್ಯಾನರುಗಳನ್ನು ಬಿಚ್ಚಿದ ಮೇಲೆ ಅದು ಹತ್ತರಲ್ಲಿ ಹನ್ನೊಂದನೆಯ ನೀಲಿ ಗಾಡಿಯಾಗಿ ಯಾರ್ಡಿನ ಕಡೆಗೆ ಹೋಯಿತು.

ಅದೇ ರಾತ್ರಿ ಹುಬ್ಬಳ್ಳಿಗೆ ಹೋಗುವ ಗಾಡಿಯ ಸ್ಲೀಪರ್ ಬೋಗಿ ಹತ್ತಿದೆ. ನನ್ನ ಬರ್ತಿನ ಮೇಲೆ ನಾಲ್ವರು ಕೂತಿದ್ದರು, ಕೆಳಗೆ ಯಾರದೋ ಅಕ್ಕಿಯ ಚೀಲವಿತ್ತು, ಬಾಗಿಲ ಬಳಿ ಟಿಕೆಟ್ಟಿನ ವಿಷಯಕ್ಕೆ ಜಗಳ ನಡೆದಿತ್ತು. ಕಿಟಕಿಯ ಪಕ್ಕದ ಮುದುಕರು ತಮ್ಮ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು, ನಾನು ಕೂರುವಷ್ಟು ಜಾಗ ಮಾಡಿಕೊಟ್ಟು ಕೇಳಿದರು:

“ಎಲ್ಲಿ ಇಳಿಯೋರ್ರೀ?”

ಹದಿನೈದು ದಿನಗಳಲ್ಲಿ ಆ ಮಾತನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

“ಧಾರವಾಡರೀ” ಎಂದೆ.