ಮೂರು ದಿನ ಪಾಠ, ಎರಡು ದಿನ ಸಿನಿಮಾ: ಸ್ವತಂತ್ರ ಅನಿಮೇಟರ್‌ನ ಲೆಕ್ಕ

ಪಾಠ ಹೇಳಿಕೊಂಡೇ ಸ್ವಂತ ಕಿರುಚಿತ್ರ ಮಾಡುತ್ತೇನೆ ಅಂತ ಹೊರಟವರು ಕಥೆ ಬರೆಯುವ ಮೊದಲು ಒಂದು ಗುಣಾಕಾರ ಮಾಡಿಬಿಡಬೇಕು. ಮೂರು ನಿಮಿಷ ಅಂದರೆ 180 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್. ಪ್ರತಿ ಡ್ರಾಯಿಂಗನ್ನೂ ಎರಡು ಫ್ರೇಮ್ ಹಿಡಿದರೆ, ಅಂದರೆ ಟೂಸ್‌ನಲ್ಲಿ ಮಾಡಿದರೆ, ಸೆಕೆಂಡಿಗೆ 12 ಡ್ರಾಯಿಂಗ್, ಒಟ್ಟು 2,160. ಅದೂ ತೆರೆಯ ಮೇಲೆ ಒಂದೇ ಪಾತ್ರ ಇದ್ದರೆ. ದಿನಕ್ಕೆ 15 ಡ್ರಾಯಿಂಗ್ ಕ್ಲೀನಪ್ಪೂ (ಕರಡು ಗೆರೆಯನ್ನು ಅಚ್ಚುಕಟ್ಟಾಗಿ ಮತ್ತೆ ಎಳೆಯುವುದು) ಬಣ್ಣವೂ ಮುಗಿದು ಸಿದ್ಧವಾಗುತ್ತವೆ ಅಂದುಕೊಂಡರೆ 144 ದಿನ ಬೇಕು. ವಾರದಲ್ಲಿ ಮೂರು ದಿನ ಪಾಠ, ಎರಡು ದಿನ ಸಿನಿಮಾ ಎಂದಾದರೆ 72 ವಾರ. ಹಿನ್ನೆಲೆ, ಧ್ವನಿ, ಎಡಿಟಿಂಗ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈ ಅಂಕಿ ನೋಡಿ ಕಥೆಗೆ ಕತ್ತರಿ ಹಾಕಬೇಕು, ನಿದ್ದೆಗಲ್ಲ. ಅನಿಮ್ಯಾಟಿಕ್‌ನಲ್ಲೇ, ಅಂದರೆ ಸ್ಟೋರಿಬೋರ್ಡ್ ಚಿತ್ರಗಳನ್ನು ಸಮಯಕ್ಕೆ ಜೋಡಿಸಿದ ಕರಡು ವಿಡಿಯೊದಲ್ಲೇ, ಯಾವ ಶಾಟ್‌ನಲ್ಲಿ ಪಾತ್ರ ಸುಮ್ಮನೆ ನಿಂತು ನೋಡಬಹುದು, ಎಲ್ಲಿ ಹಿನ್ನೆಲೆ ಮಾತ್ರ ಸರಿದರೆ ಸಾಕು ಅಂತ ಗುರುತು ಹಾಕಿ. ಮೂರನೇ ಒಂದು ಭಾಗ ಹೋಲ್ಡ್ (ಒಂದೇ ಡ್ರಾಯಿಂಗನ್ನು ಹಿಡಿದಿಡುವುದು) ಆದರೆ 720 ಡ್ರಾಯಿಂಗಿನ ಕೆಲಸ ಉಳಿತಾಯ. 72 ವಾರ 48ಕ್ಕೆ ಇಳಿಯಿತು. ಆದರೆ ಹೋಲ್ಡ್ ಅಂದರೆ ಕಲ್ಲಾಗಿ ನಿಲ್ಲುವುದಲ್ಲ. ಒಂದು ಕಣ್ಣು ಮಿಟುಕಿಸುವಿಕೆ, ಅಥವಾ ಒಂದೇ ಡ್ರಾಯಿಂಗನ್ನು ಮೂರು ಸಲ ಟ್ರೇಸ್ ಮಾಡಿ ಒಂದಾದ ಮೇಲೊಂದು ಮತ್ತೆ ಮತ್ತೆ ಹಾಕಿದಾಗ ಬರುವ ಗೆರೆಯ ನಡುಕ, ಇಷ್ಟಿದ್ದರೆ ಪಾತ್ರ ಉಸಿರಾಡುತ್ತದೆ.

ಹೊರಗಿನ ಗ್ರಾಹಕರ ಕೆಲಸ ಹಿಡಿದಾಗ ಹಾಳಾಗುವುದು ಹೆಚ್ಚಾಗಿ ಒಂದೇ ಕಡೆ: ಕ್ಲೀನಪ್ ಮುಗಿದ ಮೇಲೆ ಬರುವ ‘ಸಣ್ಣ ಬದಲಾವಣೆ’. ಐದು ಸೆಕೆಂಡಿನ ಶಾಟ್‌ನಲ್ಲಿ ತಲೆ ಸ್ವಲ್ಪ ಆ ಕಡೆ ತಿರುಗಲಿ ಅಂದರೆ 60 ಡ್ರಾಯಿಂಗಿಗೂ ಹೊಸ ಗೆರೆ, ಹೊಸ ಬಣ್ಣ. ಅದನ್ನೇ ರಫ್‌ನಲ್ಲಿ, ಅಂದರೆ ಕರಡು ಗೆರೆಯ ಹಂತದಲ್ಲಿ ಹೇಳಿದ್ದರೆ ಆರೇಳು ಕೀ (ಚಲನೆಯ ಮುಖ್ಯ ಭಂಗಿಗಳ ಡ್ರಾಯಿಂಗ್) ತಿದ್ದಿ ಮುಗಿಸಬಹುದಿತ್ತು. ಹಾಗಾಗಿ ಒಪ್ಪಂದದಲ್ಲಿ ಸ್ಟೋರಿಬೋರ್ಡ್, ಅನಿಮ್ಯಾಟಿಕ್, ರಫ್ ಅನಿಮೇಷನ್ ಮೂರಕ್ಕೂ ಬರಹದಲ್ಲಿ ಒಪ್ಪಿಗೆ ಕೇಳಿ; ಪ್ರತಿ ಹಂತಕ್ಕೆ ಎರಡು ಸುತ್ತು ತಿದ್ದುಪಡಿ, ಮೂರನೆಯದಕ್ಕೆ ಬೇರೆ ದುಡ್ಡು. ಮುಂಗಡ ಶೇ 40, ಅನಿಮ್ಯಾಟಿಕ್ ಒಪ್ಪಿದಾಗ ಶೇ 30, ಉಳಿದದ್ದು ಬಂದ ಮೇಲೇ ವಾಟರ್‌ಮಾರ್ಕ್ ಇಲ್ಲದ ಫೈಲ್. ಮೂಲ ಫೈಲ್‌ಗಳು ಈ ದುಡ್ಡಿನಲ್ಲಿ ಸೇರಿವೆಯೋ ಇಲ್ಲವೋ, ನಿಮ್ಮ ಕೆಲಸದ ತುಣುಕುಗಳ ಶೋರೀಲ್‌ನಲ್ಲಿ ಹಾಕಿಕೊಳ್ಳಬಹುದೋ ಇಲ್ಲವೋ, ಎರಡನ್ನೂ ಮೊದಲೇ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ದಾಕ್ಷಿಣ್ಯದ ಮಾತಾಗುತ್ತದೆ.

ಪಾಠದ ಸಂಭಾವನೆಯಲ್ಲೂ ಇಂಥದ್ದೇ ಮೋಸ ಅಡಗಿದೆ. ಎರಡು ಗಂಟೆ ತರಗತಿ ಅಂತ ಒಪ್ಪಿಕೊಂಡರೂ, 20 ಮಂದಿಯ ಅಭ್ಯಾಸಕ್ಕೆ ತಲಾ ಹತ್ತು ನಿಮಿಷ ಕೊಟ್ಟರೆ ಇನ್ನೂ ಮೂರು ಗಂಟೆ 20 ನಿಮಿಷ. ದರ ಹೇಳುವಾಗ ಇದನ್ನು ಸೇರಿಸಿಯೇ ಹೇಳಬೇಕು.

ಆ ಹತ್ತು ನಿಮಿಷದಲ್ಲಿ ಏನು ನೋಡಬೇಕು? ಪುಟಿಯುವ ಚೆಂಡನ್ನೇ ತೆಗೆದುಕೊಳ್ಳಿ. ಹತ್ತರಲ್ಲಿ ಎಂಟು ಮಂದಿ ಡ್ರಾಯಿಂಗುಗಳನ್ನು ಸಮ ಅಂತರದಲ್ಲಿ ಇಟ್ಟಿರುತ್ತಾರೆ. ಸಾಫ್ಟ್‌ವೇರ್ ಲೀನಿಯರ್‌ನಲ್ಲಿದ್ದರೆ ಅದೂ ಅದನ್ನೇ ಮಾಡುತ್ತದೆ. ಚೆಂಡು ಬಲೂನಿನ ಹಾಗೆ ತೇಲುತ್ತದೆ. ‘ತೂಕ ಸಾಲದು’ ಅಂದರೆ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ, ಪಾಪ ಚೆಂಡನ್ನು ದೊಡ್ಡದು ಮಾಡಿಕೊಂಡು ಬರುತ್ತಾನೆ. ಆನಿಯನ್ ಸ್ಕಿನ್ (ಹಿಂದಿನ, ಮುಂದಿನ ಡ್ರಾಯಿಂಗುಗಳು ಮಸುಕಾಗಿ ಕಾಣುವ ಸೌಲಭ್ಯ) ಹಾಕಿ ಅಂತರವನ್ನೇ ತೋರಿಸಿ: ಮೇಲ್ತುದಿಯಲ್ಲಿ ಒಂದರ ಮೇಲೊಂದು ಹತ್ತಿರ, ನೆಲ ಸಮೀಪಿಸಿದಂತೆ ದೂರ ದೂರ. ಚಪ್ಪಟೆಯಾಗುವುದು ನೆಲ ಮುಟ್ಟಿದ ಡ್ರಾಯಿಂಗಿನಲ್ಲಿ ಮಾತ್ರ. ಗಾಳಿಯಲ್ಲೇ ಚಪ್ಪಟೆಯಾದರೆ ಮೊದಲೇ ಪೆಟ್ಟು ತಿಂದಂತೆ ಕಾಣುತ್ತದೆ. ಅಗಲವಾದಷ್ಟು ಎತ್ತರ ಕುಗ್ಗಬೇಕು, ಇಲ್ಲದಿದ್ದರೆ ಚೆಂಡು ಉಬ್ಬಿದಂತಾಗುತ್ತದೆ. ಮುಟ್ಟುವ ಹಿಂದಿನ ಡ್ರಾಯಿಂಗನ್ನು ಹಾದಿಯುದ್ದಕ್ಕೆ ಎಳೆದು, ಅದರ ತುದಿ ಮುಂದಿನದಕ್ಕೆ ತಾಗುವ ಹಾಗೆ ಇಟ್ಟರೆ ಕಣ್ಣಿಗೆ ಚಲನೆ ತುಂಡು ತುಂಡಾಗಿ ಕಾಣುವುದಿಲ್ಲ. ಒಂದು ಸಲಕ್ಕೆ ಒಂದೇ ತಪ್ಪು ಹೇಳಿ, ಅಂತರ ಸರಿಯಾದ ಮೇಲೆ ಆಕಾರ.

ನಡಿಗೆಗೆ ಬಂದಾಗಲೂ ಅಷ್ಟೆ. 24 ಫ್ರೇಮಿನ ಸೈಕಲ್, ಅಂದರೆ ಮತ್ತೆ ಮತ್ತೆ ಸುತ್ತುವ ಎರಡು ಹೆಜ್ಜೆ, ಹೆಜ್ಜೆಗೆ 12. ಕಾಂಟ್ಯಾಕ್ಟ್ (ಹಿಮ್ಮಡಿ ನೆಲ ಮುಟ್ಟುವುದು), ಡೌನ್ (ಮೈ ಕೆಳಗಿಳಿಯುವುದು), ಪಾಸಿಂಗ್ (ಒಂದು ಕಾಲು ಇನ್ನೊಂದನ್ನು ದಾಟುವುದು), ಅಪ್ (ಮೈ ಮೇಲೇರುವುದು) ಎಂಬ ಭಂಗಿಗಳು ನಾಲ್ಕೂ ಇದ್ದೂ ಪಾದ ಜಾರುತ್ತಿದ್ದರೆ, ನೆಲದ ಮೇಲಿರುವ ಪಾದ ಪ್ರತಿ ಡ್ರಾಯಿಂಗಿನಲ್ಲೂ ಒಂದೇ ಅಳತೆ ಹಿಂದೆ ಸರಿಯುತ್ತಿದೆಯೇ, ಹಿನ್ನೆಲೆಯೂ ಅಷ್ಟೇ ಅಳತೆಯಲ್ಲಿ ಓಡುತ್ತಿದೆಯೇ ನೋಡಿ.

ಸಾಫ್ಟ್‌ವೇರ್ ಯಾವುದಾದರೂ ನಡೆದೀತು. ಬ್ಲೆಂಡರ್, ಓಪನ್‌ಟೂನ್ಜ್, ಕ್ರಿತಾ ಉಚಿತ. ತರಗತಿಯಲ್ಲಿ ಇವನ್ನೇ ಕಲಿಸಿದರೆ ಕೋರ್ಸ್ ಮುಗಿದ ಮರುದಿನ ಲೈಸೆನ್ಸ್ ಹೋಯಿತು ಅನ್ನುವ ಪಾಡು ಯಾರಿಗೂ ಬರುವುದಿಲ್ಲ. ಫ್ರೇಮ್ ರೇಟ್ ಮಾತ್ರ ಮೊದಲ ದಿನವೇ ನೋಡಿ. 25ಕ್ಕೆ ಹೊಂದಿಸಿದ ಫೈಲಿನಲ್ಲಿ ವರ್ಷವಿಡೀ ಕೆಲಸ ಮಾಡಿ ಕೊನೆಗೆ ಚಿತ್ರೋತ್ಸವ 24 ಕೇಳಿದರೆ, ಫ್ರೇಮ್ ಕಿತ್ತಾದರೂ ಹಾಕಬೇಕು, ಇಲ್ಲವೇ ಸ್ವಲ್ಪ ನಿಧಾನವಾದ ಚಿತ್ರಕ್ಕೆ ಧ್ವನಿಯನ್ನು ಎಳೆದು ಕೂರಿಸಬೇಕು.

ರೆಂಡರ್‌ಗೆ, ಅಂದರೆ ಯಂತ್ರ ಅಂತಿಮ ಫ್ರೇಮುಗಳನ್ನು ತಯಾರಿಸುವುದಕ್ಕೆ, ಪಾಠದ ದಿನವೇ ಒಳ್ಳೆಯದು. ನೀವು ತರಗತಿಯಲ್ಲಿರುವಾಗ ಯಂತ್ರ ದುಡಿಯಲಿ. ನೇರ ವಿಡಿಯೊ ಫೈಲ್ ಬೇಡ, ಪಿಎನ್‌ಜಿ ಸರಣಿ, ಅಂದರೆ ಪ್ರತಿ ಫ್ರೇಮಿಗೂ ಒಂದೊಂದು ಚಿತ್ರದ ಫೈಲ್ ಇರಲಿ. ಮೂರು ನಿಮಿಷಕ್ಕೆ 4,320 ಚಿತ್ರಗಳು, ಡಿಸ್ಕಿನಲ್ಲಿ ಜಾಗ ಇದೆಯೇ ಅಂತ ಬೆಳಗ್ಗೆಯೇ ನೋಡಿಕೊಂಡು ಹೊರಡಿ. ಸಂಜೆ ಬಂದಾಗ 1,900ಕ್ಕೆ ನಿಂತುಬಿಟ್ಟಿದ್ದರೆ 1,900ನೆಯದನ್ನು ಅಳಿಸಿ ಅಲ್ಲಿಂದಲೇ ಮತ್ತೆ ಶುರು ಮಾಡಿ. ನಿಂತ ಜಾಗದ ಕೊನೆಯ ಚಿತ್ರ ಅರ್ಧವೇ ಬರೆದಿರುವ ಸಾಧ್ಯತೆ ಇರುತ್ತದೆ.